ಹಿನ್ನೀರಿನ ದಂಡೆಯಲ್ಲಿ ಹಕ್ಕಿ ನೋಡುವುದು: ಬೆಳಗಿನ ವಾಕಿಂಗ್ ಹೋಗುವವರಿಗೊಂದು ಮಾರ್ಗದರ್ಶಿ

ಬಾಗಲಕೋಟೆಗೆ ಸಮುದ್ರ ಇಲ್ಲ. ಆದರೆ ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯ ತುಂಬಿದ ಮೇಲೆ ನಸುಕಿನಲ್ಲಿ ಹಿನ್ನೀರಿನ ದಂಡೆಗೆ ಬಂದು ನಿಲ್ಲಿ. ಕಣ್ಣು ಹಾಯಿಸಿದಷ್ಟು ದೂರ ನೀರು. ಗಾಳಿ ಎದ್ದರೆ ಅಲೆ ಕಲ್ಲಿಗೆ ಬಡಿಯುವ ಸದ್ದು. ಮುಳುಗಡೆ ಜಾಗದ ಒಣಗಿದ ಜಾಲಿ ಗಿಡಗಳು ನೀರಿನ ಮೇಲೆ ತಲೆ ಎತ್ತಿ ನಿಂತಿರುತ್ತವೆ. ಅವುಗಳ ಟೊಂಗೆ ಟೊಂಗೆಯ ಮೇಲೂ ನೀರುಕಾಗೆಗಳು.

ಕಡಲ ದಂಡೆಯಲ್ಲಿ ಹಕ್ಕಿ ನೋಡುವವರು ಮೊದಲು ಇಳಿತದ ಹೊತ್ತು ತಿಳಿದುಕೊಳ್ಳುತ್ತಾರೆ. ನೀರು ಹಿಂದೆ ಸರಿದು ಕೆಸರು ಕಂಡಾಗ ಹಕ್ಕಿಗಳು ಮೇಯಲು ಇಳಿಯುತ್ತವೆ. ಅಲ್ಲಿ ದಿನಕ್ಕೆ ಎರಡು ಸಲ ಇಳಿತ. ನಮ್ಮ ಹಿನ್ನೀರಿಗೂ ಇಳಿತ ಇದೆ. ಅದು ವರ್ಷಕ್ಕೆ ಒಂದೇ ಸಲ, ಆದರೆ ತಿಂಗಳುಗಟ್ಟಲೆ ನಡೆಯುತ್ತದೆ.

ಇದು ನನಗೆ ಮೊದಲ ವರ್ಷ ಗೊತ್ತಿರಲಿಲ್ಲ. ಹಿನ್ನೀರಿಗೆ ರಾಜಹಂಸ, ಅಂದರೆ ಇಂಗ್ಲಿಷಿನ ಫ್ಲೆಮಿಂಗೊ, ಬರುತ್ತವೆ ಅಂತ ಕೇಳಿ ಸೆಪ್ಟೆಂಬರ್‌ನಲ್ಲಿ ಹೋದೆ. ದಂಡೆ ತುಂಬ ನೀರು, ರಾಜಹಂಸ ಒಂದೂ ಇಲ್ಲ. ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಈಗೆಲ್ಲಿ ಬರ್ತಾವ್ರಿ ಅವು? ನೀರು ಇಳೀಬೇಕು, ರಾಡಿ ಕಾಣಬೇಕು. ಸಂಕ್ರಾಂತಿ ಆದಮ್ಯಾಗ ಬರ್ರಿ," ಅಂದರು. ಸಂಕ್ರಾಂತಿ ಆದಮೇಲೆ ಹೋದೆ. ಅವರು ಹೇಳಿದ ಹಾಗೇ ಆಯಿತು. ಇಲ್ಲಿ ನಾನು ಬರೆಯುವುದೆಲ್ಲ ಆ ಒಂದು ಮಾತಿನಿಂದ ಶುರುವಾದದ್ದು: ಹಕ್ಕಿ ಹುಡುಕಬೇಡಿ, ನೀರಿನ ಅಂಚು ಎಲ್ಲಿದೆ ನೋಡಿ.

ಮೊದಲು ನೀರಿನ ಮಟ್ಟ

ಆಲಮಟ್ಟಿಯ ನೀರಿನ ಮಟ್ಟ ನಮ್ಮ ಭಾಗದ ಪತ್ರಿಕೆಗಳಲ್ಲಿ ಬರುತ್ತದೆ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ರೈತರು ಕಾಲುವೆ ನೀರಿಗಾಗಿ ಈ ಅಂಕಿ ನೋಡುತ್ತಾರೆ. ಹಕ್ಕಿ ನೋಡುವವರೂ ನೋಡಬೇಕು.

ಜೂನ್, ಜುಲೈನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದರೆ ಕೃಷ್ಣೆ ಕೆಂಪಗಾಗಿ ಬರುತ್ತಾಳೆ. ಘಟಪ್ರಭೆಯೂ ತುಂಬುತ್ತಾಳೆ. ಮಳೆಗಾಲ ಮುಗಿಯುವಷ್ಟರಲ್ಲಿ ಜಲಾಶಯ ತುಂಬಿರುತ್ತದೆ. ಆಗ ದಂಡೆಯಲ್ಲಿ ಕೆಸರೇ ಇರುವುದಿಲ್ಲ. ನೀರು ನೇರವಾಗಿ ಹುಲ್ಲಿಗೆ, ಕಲ್ಲಿಗೆ ತಾಗಿರುತ್ತದೆ. ಉದ್ದ ಕಾಲಿನ ಹಕ್ಕಿಗಳಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿ, ಮೇಲಿನಿಂದ ಎರಗುವ ಮಿಂಚುಳ್ಳಿ, ಇವೇ ಜಾಸ್ತಿ. ಈ ತಿಂಗಳುಗಳಲ್ಲಿ ನೀರಿಗಿಂತ ದಂಡೆಯ ಗಿಡಗಳನ್ನು ನೋಡಿ. ನೀರಿನ ಮೇಲೆ ಬಾಗಿದ ಜಾಲಿ ಟೊಂಗೆಗೆ ಗೀಜಗ ಗೂಡು ಹೆಣೆಯುತ್ತಿರುತ್ತದೆ. ಹೆಣೆಯುವುದು ಹಳದಿ ತಲೆಯ ಗಂಡು. ಹೆಣ್ಣು ಬಂದು ಒಳಗೆ ಹೊಕ್ಕು ನೋಡುತ್ತದೆ. ಒಪ್ಪಿಗೆಯಾಗದಿದ್ದರೆ ಹೊರಟು ಹೋಗುತ್ತದೆ.

ದಸರಾ, ದೀಪಾವಳಿ ಹೊತ್ತಿಗೆ ವಲಸೆ ಬಾತುಗಳು ಬರತೊಡಗುತ್ತವೆ. ಚಳಿ ಬಿದ್ದ ಮೇಲೆ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಇತ್ತ ಕಾಲುವೆಗೆ ನೀರು ಬಿಟ್ಟ ಹಾಗೆ ಹಿನ್ನೀರು ಹಿಂದೆ ಸರಿಯುತ್ತ ಹೋಗುತ್ತದೆ. ಜನವರಿಯಿಂದ ಮೇವರೆಗೆ ದಿನದಿನಕ್ಕೆ ಹೊಸ ಕೆಸರು ಕಾಣುತ್ತದೆ. ತಿಂಗಳುಗಟ್ಟಲೆ ನೀರಲ್ಲಿ ಮುಳುಗಿ ಕೊಳೆತ ಹುಲ್ಲು, ಅದರಲ್ಲಿ ಬೆಳೆದ ಹುಳ, ಬಸವನಹುಳು, ತಗ್ಗಿನಲ್ಲಿ ಸಿಕ್ಕಿಬಿದ್ದ ಸಣ್ಣ ಮೀನು. ಹಕ್ಕಿಗಳಿಗೆ ಇದಕ್ಕಿಂತ ದೊಡ್ಡ ಸಂತೆ ಬೇರೆ ಇಲ್ಲ.

ಒಂದು ಕೆಲಸ ಮಾಡಿ. ನೀವು ದಿನಾ ನಿಲ್ಲುವ ಜಾಗದಲ್ಲಿ ಒಂದು ಕಲ್ಲು ಅಥವಾ ಗಿಡದ ಬುಡ ಗುರುತು ಇಟ್ಟುಕೊಳ್ಳಿ. ಅಲ್ಲಿಂದ ನೀರು ಎಷ್ಟು ಹೆಜ್ಜೆ ದೂರ ಹೋಗಿದೆ ಅಂತ ವಾರಕ್ಕೊಮ್ಮೆ ಎಣಿಸಿ. ಎರಡು ವರ್ಷ ಹೀಗೆ ಮಾಡಿದರೆ, ನೀರು ಎಲ್ಲಿದ್ದಾಗ ಯಾವ ಹಕ್ಕಿ ಬರುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ದಾರಿ ಒಂದೇ ಇರಲಿ

ದಿನಕ್ಕೊಂದು ಕಡೆ ಹೋಗಬೇಡಿ. ಒಂದೂವರೆ, ಎರಡು ಕಿಲೋಮೀಟರ್ ಉದ್ದದ ಒಂದೇ ದಾರಿ ಹಿಡಿಯಿರಿ. ಅದರಲ್ಲಿ ಸ್ವಲ್ಪ ಬಯಲು ನೀರು, ಸ್ವಲ್ಪ ಜೊಂಡು ಅಥವಾ ಆಪು, ನಾಲ್ಕಾರು ಗಿಡ, ಒಂದಿಷ್ಟು ಹೊಲದ ಅಂಚು ಇದ್ದರೆ ಸಾಕು. ಇಪ್ಪತ್ತು ದಿನ ಅದೇ ದಾರಿಯಲ್ಲಿ ನಡೆದರೆ, ಇಪ್ಪತ್ತೊಂದನೇ ದಿನ ಹೊಸ ಹಕ್ಕಿ ಬಂದದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಸೂರ್ಯ ನಿಮ್ಮ ಬೆನ್ನಿಗೆ ಇರಬೇಕು. ಅಂದರೆ ಬೆಳಿಗ್ಗೆ ನೀರು ನಿಮ್ಮ ಪಶ್ಚಿಮಕ್ಕೆ ಇರುವ ದಂಡೆ ಆರಿಸಿಕೊಳ್ಳಿ. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕಪ್ಪಾಗಿ ಕಾಣುತ್ತವೆ. ಬಣ್ಣ ಗೊತ್ತಾಗುವುದಿಲ್ಲ.

ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮುಂಚೆ. ಮೇ ತಿಂಗಳಲ್ಲಿ ಆರರ ಸುಮಾರಿಗೆ. ಅದಕ್ಕಿಂತ ಹದಿನೈದು ನಿಮಿಷ ಮೊದಲೇ ದಂಡೆಯಲ್ಲಿರಿ. ಪಟ್ಟೆತಲೆ ಹೆಬ್ಬಾತು ರಾತ್ರಿ ಹೊಲಗಳಲ್ಲಿ ಮೇಯುತ್ತವೆ. ಹಗಲು ನೀರಿನ ಪಕ್ಕ ಮಲಗುತ್ತವೆ. ಬೆಳಿಗ್ಗೆ ಹೊಲದಿಂದ ನೀರಿಗೆ ವಾಪಸ್ ಬರುವ ಹೊತ್ತೇ ಅವನ್ನು ನೋಡುವ ಹೊತ್ತು. ಮೊದಲು ದೂರದಿಂದ "ಆಂಗ್ ಆಂಗ್" ಅನ್ನುವ ಮೂಗಿನ ದನಿ. ಆಮೇಲೆ ಬೂದು ಆಕಾಶದಲ್ಲಿ ಒಂದು ಸಾಲು. ತಲೆ ಮೇಲೇ ಹಾದುಹೋದರೆ ರೆಕ್ಕೆಯ ಸದ್ದೂ ಕೇಳಿಸುತ್ತದೆ. ಇವು ಟಿಬೆಟ್, ಮಂಗೋಲಿಯಾ ಕಡೆಯ ಕೆರೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ನಮ್ಮ ಕಡಲೆ ಹೊಲಕ್ಕೆ ಬರುವ ಹಕ್ಕಿಗಳು. ಎಷ್ಟು ಸಲ ನೋಡಿದರೂ ಆ ಸಾಲು ಬಂದಾಗ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ನಿಂತುಬಿಡುತ್ತೇನೆ.

ವಾಕಿಂಗ್ ಆಗಬೇಕು, ಹಕ್ಕಿಯೂ ನೋಡಬೇಕು ಅನ್ನುವವರಿಗೆ ಒಂದು ಉಪಾಯ: ಹೋಗುವಾಗ ಹಕ್ಕಿ, ಬರುವಾಗ ವಾಕಿಂಗ್. ಹೋಗುವಾಗ ನಿಧಾನ. ಇನ್ನೂರು ಹೆಜ್ಜೆಗೊಮ್ಮೆ ನಿಂತು ಐದು ನಿಮಿಷ ಸುಮ್ನೆ ನೋಡಿ. ತಂಪು ಹೊತ್ತಿನಲ್ಲಿ ಹಕ್ಕಿಗಳೂ ಚುರುಕಾಗಿರುತ್ತವೆ. ಬರುವಾಗ ಕೈ ಬೀಸಿ ಜೋರಾಗಿ ನಡೆದುಬಿಡಿ. ಡಾಕ್ಟರ್ ಹೇಳಿದ್ದೂ ಆಯಿತು.

ಬಟ್ಟೆ ಮಣ್ಣಿನ ಬಣ್ಣದ್ದು, ಎಲೆ ಬಣ್ಣದ್ದು ಇರಲಿ. ಬಿಳಿ ಅಂಗಿ ಬೇಡ. ಮಾರ್ಚ್ ಆದಮೇಲೆ ನೀರು, ಟೋಪಿ ಇಲ್ಲದೆ ಹೋಗಬೇಡಿ. ಚೀಲದಲ್ಲಿ ಎರಡು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಒಂಬತ್ತರವರೆಗೆ ಚಿಂತೆ ಇಲ್ಲ.

ಮುಖ್ಯವಾದ ಎಚ್ಚರಿಕೆ ಒಂದಿದೆ. ಹಿನ್ನೀರು ಸರಿದ ಜಾಗದ ಎರೆಮಣ್ಣನ್ನು ನಂಬಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲದಂತೆ ಕಾಣುತ್ತದೆ. ಕಾಲಿಟ್ಟರೆ ಮೊಣಕಾಲುತನಕ ಇಳಿಯುತ್ತದೆ. ದನದ ಹೆಜ್ಜೆ ಇಲ್ಲದ ಕಡೆ ನೀವೂ ಹೆಜ್ಜೆ ಇಡಬೇಡಿ. ಮಕ್ಕಳನ್ನು ಕರೆದುಕೊಂಡು ಹೋದಾಗ ದಾರಿ ಬಿಟ್ಟು ಇಳಿಯಲೇಬಾರದು.

ದುರ್ಬೀನು ಹಿಡಿಯುವುದು

ಮೊದಲ ಎರಡು ತಿಂಗಳು ದುರ್ಬೀನು ಇಲ್ಲದೆಯೂ ನೋಡಬಹುದು. ಆಮೇಲೆ ಆಸೆ ತಡೆಯುವುದಿಲ್ಲ. ಕೊಳ್ಳುವಾಗ ಅದರ ಮೇಲೆ ಬರೆದ ಎರಡು ಅಂಕಿ ನೋಡಿ: 8×42 ಅಂತ ಇದ್ದರೆ, ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂತ ಅರ್ಥ. ಮುಂದಿನ ಗಾಜು ದೊಡ್ಡದಾದಷ್ಟೂ ನಸುಕಿನಲ್ಲಿ ಬೆಳಕು ಜಾಸ್ತಿ. ಹತ್ತು ಪಟ್ಟಿನದು ಇನ್ನೂ ಹತ್ತಿರ ತೋರಿಸುತ್ತದೆ, ಆದರೆ ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಹೊಸಬರಿಗೆ ಎಂಟೇ ಒಳ್ಳೆಯದು. ಜಾತ್ರೆಯಲ್ಲಿ ಸಿಗುವ ಆಟಿಕೆಯಂಥದ್ದು ಬೇಡ, ತಲೆನೋವು ಬರುತ್ತದೆ.

ತಂದ ದಿನವೇ ನಿಮ್ಮ ಕಣ್ಣಿಗೆ ಹೊಂದಿಸಿ. ದೂರದ ಒಂದು ಬೋರ್ಡ್ ನೋಡಿ. ಬಲಗಡೆಯ ಗಾಜನ್ನು ಕೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ. ಈಗ ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಹತ್ತಿರ ಒಂದು ಬಳೆ ಇರುತ್ತದೆ, ಅದನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆ ಬಳೆ ಎಲ್ಲಿಗೆ ನಿಂತಿತು ಅನ್ನುವುದು ನೆನಪಿರಲಿ. ಮುಂದೆ ನಡುವಿನ ಚಕ್ರ ಒಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಹೊರಕ್ಕೆ ಮಡಚಿಕೊಳ್ಳಬೇಕು.

ಎಲ್ಲರೂ ಮಾಡುವ ತಪ್ಪು ಒಂದೇ. ಹಕ್ಕಿ ಕಂಡ ಕೂಡಲೇ ತಲೆ ಬಗ್ಗಿಸಿ ದುರ್ಬೀನು ನೋಡುತ್ತಾರೆ. ತಲೆ ಎತ್ತುವಷ್ಟರಲ್ಲಿ ಹಕ್ಕಿ ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ. ಕಣ್ಣು ಹಕ್ಕಿಯ ಮೇಲೇ ಇರಲಿ. ಕೈ ಮಾತ್ರ ದುರ್ಬೀನನ್ನು ಕಣ್ಣಿಗೆ ತರಲಿ. ಮನೆ ಮಾಳಿಗೆ ಮೇಲೆ ನಿಂತು ಕಾಗೆ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ಹಿಡಿಯಬೇಡಿ. ಕಣ್ಣು ಹೋಗುತ್ತದೆ.

ನೀರಿನ ಅಂಚನ್ನು ಪಟ್ಟಿ ಪಟ್ಟಿಯಾಗಿ ನೋಡಿ

ಇದು ನನಗೆ ತುಂಬಾ ಉಪಯೋಗಕ್ಕೆ ಬಂದ ಪಾಠ. ಹೊಸಬರು ನೀರನ್ನೆಲ್ಲ ಒಂದೇ ಸಲ ನೋಡಿ "ಬರೀ ಬೆಳ್ಳಕ್ಕಿ" ಅಂದು ಹೊರಟುಬಿಡುತ್ತಾರೆ. ಹಾಗಲ್ಲ. ಹೊಲದಲ್ಲಿ ಸಾಲು ಬಿಟ್ಟ ಹಾಗೆ, ದಂಡೆಯಿಂದ ನೀರಿನ ಕಡೆಗೆ ಒಂದೊಂದು ಪಟ್ಟಿ ನೋಡುತ್ತ ಹೋಗಿ. ಪ್ರತಿ ಪಟ್ಟಿಗೂ ಅದರದೇ ಹಕ್ಕಿ.

ಒಣ ನೆಲ ಮೊದಲು. ಇಲ್ಲಿ ಟಿಟ್ಟಿಭ ಇರುತ್ತದೆ. ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿ ಕಾಲು. ನಿಮ್ಮನ್ನು ಮೊದಲು ನೋಡುವುದೇ ಇದು. ಕೂಗಿ ಕೂಗಿ ಇಡೀ ದಂಡೆಗೆ ಸುದ್ದಿ ಮುಟ್ಟಿಸುತ್ತದೆ. ಅದು ಕೂಗಿದರೆ ನಿಂತುಬಿಡಿ, ಸುಮ್ಮನಾದ ಮೇಲೆ ಮುಂದೆ ಹೋಗಿ.

ಎರಡನೆಯದು ಹಸಿ ಕೆಸರು, ನೀರು ಈಗಷ್ಟೇ ಬಿಟ್ಟುಹೋದ ಜಾಗ. ಬಾಲ ಮೇಲೆ ಕೆಳಗೆ ಆಡಿಸುತ್ತ ಓಡಾಡುವುದು ಸಿಪಿಲೆ. ಚಳಿಗಾಲದಲ್ಲಿ ಹಳದಿ ಹೊಟ್ಟೆಯವೂ ಬರುತ್ತವೆ. ಮಣ್ಣಿನ ಬಣ್ಣದ್ದೇ ಸಣ್ಣ ಹಕ್ಕಿ, ಕೊಕ್ಕಿನಿಂದ ಕೆಸರು ಚುಚ್ಚುತ್ತ ಹೋಗುವುದು ಗೊರವ. ಗೊರವಗಳಲ್ಲಿ ಹಲವು ಜಾತಿ, ಮೊದಲ ವರ್ಷ ಎಲ್ಲವನ್ನೂ "ಗೊರವ" ಅಂತಲೇ ಬರೆದುಕೊಳ್ಳಿ. ಅವಸರ ಬೇಡ.

ಮೂರನೆಯದು ಒಂದು ಗೇಣು ನೀರು. ಮೆಟ್ಟುಗಾಲು ಹಕ್ಕಿಯ ಜಾಗ ಇದು. ಬಿಳಿ ಮೈ, ಕಪ್ಪು ರೆಕ್ಕೆ, ಕೆಂಗುಲಾಬಿ ಬಣ್ಣದ ಕಡ್ಡಿಯಂಥ ಉದ್ದ ಕಾಲು. ಹಾರಿದಾಗ ಆ ಕಾಲು ಬಾಲದಿಂದಾಚೆ ಉದ್ದಕ್ಕೆ ಚಾಚಿರುತ್ತದೆ. ಕೊಳದ ಬಕ ಇಲ್ಲೇ ಅಲುಗಾಡದೆ ನಿಂತಿರುತ್ತದೆ. ನಿಂತಾಗ ಒಣ ಹುಲ್ಲಿನ ಬಣ್ಣ, ಹಾರಿದರೆ ಹಾಲಿನಂಥ ಬಿಳಿ.

ಇನ್ನೂ ಒಳಗೆ, ಮೊಣಕಾಲಿನಷ್ಟು ನೀರಲ್ಲಿ ದೊಡ್ಡವು. ಬೂದು ಬಕ ಒಂಟಿಯಾಗಿ ನಿಲ್ಲುತ್ತದೆ. ಬಣ್ಣದ ಕೊಕ್ಕರೆ ಗುಂಪಾಗಿ, ಕೊಕ್ಕು ಅರ್ಧ ತೆರೆದು ನೀರಲ್ಲಿಟ್ಟು ಮೀನು ತಾಗುವುದನ್ನೇ ಕಾಯುತ್ತದೆ. ಚಮಚದ ಕೊಕ್ಕಿನ ಹಕ್ಕಿ ಕುಡುಗೋಲು ಬೀಸಿದ ಹಾಗೆ ಕೊಕ್ಕನ್ನು ಎಡಕ್ಕೆ ಬಲಕ್ಕೆ ಬೀಸುತ್ತ ನಡೆಯುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಬಿಟ್ಟಿರುತ್ತದೆ. ಬಸವನಹುಳು ತಿನ್ನುವ ಹಕ್ಕಿ ಅದು.

ಕೊನೆಗೆ ಆಳ ನೀರು. ಕರೀ ಮೈ, ಹಣೆಗೆ ಬಿಳಿ ನಾಮ ಇಟ್ಟ ಹಾಗಿರುವುದು ನಾಮದ ಕೋಳಿ. ಹಾರಬೇಕಾದರೆ ನೀರ ಮೇಲೆ ಪಟಪಟ ಓಡಿ ಏಳುತ್ತದೆ. ಕ್ಷಣಕ್ಕೊಮ್ಮೆ ಮುಳುಗಿ ಬೇರೆಲ್ಲೋ ಏಳುವ ಮುಷ್ಟಿಯಷ್ಟು ಹಕ್ಕಿ ಗುಳುಮುಳುಕ. ನೀರುಕಾಗೆ, ಹಾವಕ್ಕಿ ಎರಡೂ ಮುಳುಗಿ ಮೀನು ಹಿಡಿಯುತ್ತವೆ, ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತವೆ. ಗೊಂದಲವಾದರೆ ಕೊಕ್ಕು ನೋಡಿ: ನೀರುಕಾಗೆಯದು ತುದಿಯಲ್ಲಿ ಕೊಕ್ಕೆ, ಹಾವಕ್ಕಿಯದು ನೇರ ಸೂಜಿ. ಹಾವಕ್ಕಿ ಈಜುವಾಗ ಮೈ ನೀರೊಳಗೆ, ಬರೀ ಕತ್ತು ಮೇಲೆ. ದೂರದಿಂದ ಹಾವೇ.

ನೀರು ಮುಗಿಯಿತು ಅಂತ ದುರ್ಬೀನು ಇಳಿಸಬೇಡಿ. ಮೇಲೂ ನೋಡಿ. ಕಪ್ಪು ಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತದೆ. ತಲೆ ಮಾತ್ರ ಒಂದಿಷ್ಟೂ ಅಲುಗುವುದಿಲ್ಲ. ಆಮೇಲೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಹಳದಿ ಕೊಕ್ಕು, ಕವಲು ಬಾಲದ ನದಿ ರೀವ ನೀರಿನ ಮೇಲೆ ತೇಲಿಕೊಂಡು ಹೋಗುತ್ತದೆ. ಎಲ್ಲ ಬಾತುಗಳೂ ಒಮ್ಮೆಲೇ ಎದ್ದವೋ, ಸುತ್ತ ಹುಡುಕಿ. ಜೊಂಡಿನ ಮೇಲೆ ತಗ್ಗಿನಲ್ಲಿ ಸೆಳೆವ ಅನ್ನುವ ಬೇಟೆ ಹಕ್ಕಿ ಬಂದಿರುತ್ತದೆ.

ಹೆಸರು ಹಿಡಿಯುವುದು

ಗೊತ್ತಿಲ್ಲದ ಹಕ್ಕಿ ಕಂಡಾಗ ಮೊದಲು ಬಣ್ಣ ನೋಡಬೇಡಿ. ಗಾತ್ರ ನೋಡಿ. ಗುಬ್ಬಿಯಷ್ಟೇ? ಗೊರವಂಕದಷ್ಟೇ? ಕಾಗೆಯಷ್ಟೇ? ಹದ್ದಿನಷ್ಟೇ? ಆಮೇಲೆ ಕೊಕ್ಕು, ಕಾಲು. ಆಮೇಲೆ ಅದು ಏನು ಮಾಡುತ್ತಿದೆ. ಬಣ್ಣ ಕೊನೆಗೆ. ಮರಿ, ಹೆಣ್ಣು, ಗಂಡು ಬೇರೆ ಬೇರೆ ಬಣ್ಣ ಇರಬಹುದು, ಕೊಕ್ಕಿನ ಆಕಾರ ಮೋಸ ಮಾಡುವುದಿಲ್ಲ.

ಫೋನಿನಲ್ಲಿ ಮರ್ಲಿನ್ ಅನ್ನುವ ಆ್ಯಪ್ ಉಚಿತ. ಹಕ್ಕಿಯ ಫೋಟೋ ತೋರಿಸಿದರೆ, ದನಿ ಕೇಳಿಸಿದರೆ ಹೆಸರು ಹೇಳುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ದಂಡೆಯಲ್ಲೂ ನಡೆಯುತ್ತದೆ. ಆದರೆ ಅದು ಹೇಳಿದ್ದೇ ಕೊನೆಯಲ್ಲ. ಅದು ಹೆಸರು ಹೇಳಿದ ಮೇಲೆ ನೀವು ಹಕ್ಕಿಯನ್ನು ಕಣ್ಣಾರೆ ನೋಡಿ ಒಪ್ಪಿಕೊಳ್ಳಿ. ಹಕ್ಕಿಯ ದನಿಯನ್ನು ಫೋನಿನಲ್ಲಿ ಹಚ್ಚಿ ಅದನ್ನು ಹತ್ತಿರ ಕರೆಯುವ ಕೆಲಸ ಮಾತ್ರ ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದುಕೊಂಡು ಅದು ಮೇವು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ದಂಡೆಯ ಜನರನ್ನೂ ಕೇಳಿ. ಕುರಿ ಕಾಯುವವರು, ಮೀನು ಹಿಡಿಯುವವರು, ಹಿನ್ನೀರು ಸರಿದ ಜಮೀನಿನಲ್ಲಿ ಬಿತ್ತುವವರು. "ಯಜ್ಜಾ, ಈ ಹಕ್ಕಿಗೆ ನೀವು ಏನಂತೀರಿ?" ಅಂತ ಕೇಳಿದರೆ ಪುಸ್ತಕದಲ್ಲಿ ಇಲ್ಲದ ಹೆಸರು ಸಿಗುತ್ತದೆ. ಅದನ್ನೂ ಬರೆದುಕೊಳ್ಳಿ. ಒಮ್ಮೆ ಒಬ್ಬ ಅಜ್ಜ ನನ್ನ ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೀರಿನ ಕಡೆ ನೋಡಿದರು. ಹಕ್ಕಿ ಕಂಡಿತಾ ಅಂದೆ. "ಹಕ್ಕಿ ಅಲ್ಲ ತಮ್ಮಾ. ಅಗೋ, ಆ ಒಣಾ ಬೇವಿನ ಗಿಡ. ಅದು ನಮ್ಮ ಹೊಲದ್ದು," ಅಂದರು. ಆ ಗಿಡದ ಮೇಲೆ ಆ ದಿನ ಏಳು ನೀರುಕಾಗೆ ಕೂತಿದ್ದವು. ಈ ನೀರು ಊರು, ಹೊಲ ಮುಳುಗಿಸಿ ನಿಂತ ನೀರು. ಇಲ್ಲಿ ಹಕ್ಕಿ ನೋಡುವಾಗ ನಾನು ಅದನ್ನು ಮರೆಯುವುದಿಲ್ಲ.

ರಾಜಹಂಸ ಬಂದಾಗ

ಹಿನ್ನೀರು ಚೆನ್ನಾಗಿ ಇಳಿದ ಮೇಲೆ ಬೀಳಗಿ ಕಡೆ, ಹೆರಕಲ್, ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಸುತ್ತ ರಾಜಹಂಸಗಳು ಇಳಿಯುತ್ತವೆ. ನಮ್ಮ ದೇಶದಲ್ಲಿ ಇವು ಮರಿ ಮಾಡುವ ದೊಡ್ಡ ಜಾಗ ಗುಜರಾತಿನ ಕಚ್ಛದ ರಣ.

ಮೇಯುವುದನ್ನು ನೋಡಿ. ತಲೆ ಪೂರಾ ಉಲ್ಟಾ ಮಾಡಿ, ಬಾಗಿದ ಕೊಕ್ಕನ್ನು ನೀರಲ್ಲಿಡುತ್ತದೆ. ಒಳಗೆ ನಾಲಿಗೆ ಪಂಪಿನ ಹಾಗೆ ನೀರು ಎಳೆದು ಹೊರಗೆ ತಳ್ಳುತ್ತದೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ. ನೀರು ಹೋಗುತ್ತದೆ, ಸಣ್ಣ ಹುಳ, ಪಾಚಿ ಒಳಗೆ ಉಳಿಯುತ್ತವೆ. ಜರಡಿ ಹಿಡಿದ ಹಾಗೆ. ಆ ಮೇವಿನಲ್ಲಿರುವ ಬಣ್ಣವೇ ಗರಿಗೆ ಗುಲಾಬಿಯಾಗಿ ಇಳಿಯುತ್ತದೆ. ಗುಂಪಿನಲ್ಲಿ ಬೂದು ಬಣ್ಣದವು ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಅವು ಇನ್ನೂ ಎಳೆಯವು. ಕಾಲಿನಿಂದ ಕೆಸರು ತುಳಿಯುತ್ತ ಗಿರಗಿರ ತಿರುಗುವುದೂ ಉಂಟು, ತಳದ ಹುಳ ಮೇಲೆ ಏಳಲಿ ಅಂತ.

ಇಲ್ಲಿ ಒಂದು ವಿಷಯ ಕೈ ಮುಗಿದು ಹೇಳುತ್ತೇನೆ. ರಾಜಹಂಸ ಹಾರಿದಾಗ ರೆಕ್ಕೆಯ ಕೆಂಪು, ಕಪ್ಪು ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ ಕಲ್ಲು ಎಸೆದು, ಕೂಗಿ, ಡ್ರೋನ್ ಹಾರಿಸಿ ಎಬ್ಬಿಸುವವರಿದ್ದಾರೆ. ಪ್ರತಿ ಸಲ ಎದ್ದಾಗಲೂ ಮೇದದ್ದು ಖರ್ಚಾಗುತ್ತದೆ. ಪದೇ ಪದೇ ಎಬ್ಬಿಸಿದರೆ ಜಾಗವನ್ನೇ ಬಿಡುತ್ತವೆ. ಎಷ್ಟು ಹತ್ತಿರ ಹೋಗಬಹುದು ಅಂತ ಕೇಳುತ್ತೀರಾ? ಹಕ್ಕಿಗಳೇ ಹೇಳುತ್ತವೆ. ಮೇಯುತ್ತಿದ್ದವು ಕತ್ತು ಎತ್ತಿ ನಿಮ್ಮ ಕಡೆ ನೋಡತೊಡಗಿದರೆ ಅಲ್ಲೇ ನಿಲ್ಲಿ. ಎಲ್ಲವೂ ಒಂದೇ ದಿಕ್ಕಿಗೆ ನಡೆಯಲು ಶುರು ಮಾಡಿದರೆ ಹತ್ತು ಹೆಜ್ಜೆ ಹಿಂದೆ ಬನ್ನಿ. ಕೂತುಬಿಟ್ಟರೆ ಇನ್ನೂ ಒಳ್ಳೆಯದು. ಅರ್ಧ ಗಂಟೆ ಕೂತರೆ ಅವೇ ಮೇಯುತ್ತ ಹತ್ತಿರ ಬರುತ್ತವೆ.

ಬೇಸಿಗೆಯಲ್ಲಿ ಕಾಲ ಕೆಳಗೆ ನೋಡಿ

ಮಾರ್ಚ್‌ನಿಂದ ಜೂನ್‌ವರೆಗೆ ಬಯಲಾದ ದಂಡೆ, ನಡುಗಡ್ಡೆಗಳಲ್ಲಿ ಟಿಟ್ಟಿಭ, ನದಿ ರೀವ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇರುವುದಿಲ್ಲ. ಸಣ್ಣ ತಗ್ಗು, ಸುತ್ತ ನಾಲ್ಕು ಹರಳು. ಟಿಟ್ಟಿಭದ ಮೊಟ್ಟೆ ಸಾಮಾನ್ಯವಾಗಿ ನಾಲ್ಕು. ಮಣ್ಣಿನ ಬಣ್ಣ, ಮೇಲೆ ಕರೀ ಮಚ್ಚೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿಟ್ಟಿರುತ್ತದೆ. ಹತ್ತು ಹೆಜ್ಜೆ ದೂರದಿಂದ ಕಲ್ಲೇ.

ಒಂದು ಏಪ್ರಿಲ್‌ನಲ್ಲಿ ದೂರದ ಬಂಡೆ ಹಿಂದೆ ಕೂತು ಒಂದು ಟಿಟ್ಟಿಭ ನೋಡಿದ್ದೆ. ಬಿಸಿಲು ಏರುತ್ತಿತ್ತು. ಅದು ಮೊಟ್ಟೆ ಬಿಟ್ಟು ಎದ್ದು ನೀರಿಗೆ ಹೋಯಿತು. ಹೊಟ್ಟೆ ಮುಳುಗುವ ಹಾಗೆ ನೀರಲ್ಲಿ ಕುಳಿತು ಎದ್ದಿತು. ಮತ್ತೆ ಕುಳಿತಿತು. ಆಮೇಲೆ ಒದ್ದೆ ಗರಿಯಿಂದ ಹನಿ ಬೀಳಿಸುತ್ತಲೇ ಓಡಿ ಬಂದು ಮೊಟ್ಟೆಗಳ ಮೇಲೆ ಕುಳಿತಿತು. ಕಾವು ಕೊಡಲು ಅಲ್ಲ, ತಂಪು ಮಾಡಲು. ನಮ್ಮ ಬಿಸಿಲಿಗೆ ಮೊಟ್ಟೆ ಬೆಂದುಹೋಗಬಾರದಲ್ವಾ? ಆ ಹೊತ್ತಿನಲ್ಲಿ ಯಾರಾದರೂ ಹತ್ತಿರ ನಿಂತು ಅದನ್ನು ಓಡಿಸಿದ್ದರೆ, ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಕೆಡಬಹುದಿತ್ತು.

ಹಾಗಾಗಿ ಈ ತಿಂಗಳುಗಳಲ್ಲಿ ಕಾಲುದಾರಿ ಬಿಟ್ಟು ಇಳಿಯಬೇಡಿ. ಟಿಟ್ಟಿಭ ತಲೆ ಮೇಲೆ ಸುತ್ತುತ್ತ ಎರಗಿ ಬಂದರೆ ಮೊಟ್ಟೆ ಪಕ್ಕದಲ್ಲೇ ಇದೆ ಅಂತ ತಿಳಿದು, ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ. ನಾಯಿ ಕರೆದುಕೊಂಡು ಬರುವವರು ಹಗ್ಗ ಬಿಚ್ಚಬೇಡಿ. ಗೂಡಿನ ಫೋಟೋ ತೆಗೆಯಬೇಡಿ, ಜಾಗ ಯಾರಿಗೂ ಕಳಿಸಬೇಡಿ. ಹಕ್ಕಿ ಹಿಡಿಯುವುದು, ಮೊಟ್ಟೆ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಂಥದ್ದು ಕಂಡರೆ ನೀವೇ ಜಗಳಕ್ಕೆ ನಿಲ್ಲಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಇನ್ನೊಂದು: ಬ್ರೆಡ್, ಚುರುಮುರಿ ಹಾಕಬೇಡಿ. ಪುಣ್ಯ ಬರುತ್ತದೆ ಅಂತ ಹಾಕುತ್ತಾರೆ, ಅವರ ಮನಸ್ಸು ಒಳ್ಳೆಯದೇ. ಆದರೆ ನೀರು ಹೊಲಸಾಗುತ್ತದೆ, ನಾಯಿ, ಕಾಗೆ ಸೇರುತ್ತವೆ, ಅವೇ ಮೊಟ್ಟೆಯನ್ನೂ ತಿನ್ನುತ್ತವೆ. ಪುಣ್ಯ ಬೇಕಾದರೆ ದಂಡೆಯಲ್ಲಿ ಬಿದ್ದ ಹರಿದ ನೈಲಾನ್ ಬಲೆ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬನ್ನಿ. ಅದಕ್ಕೆ ಕಾಲು ಸಿಕ್ಕಿಸಿಕೊಂಡ ಬೆಳ್ಳಕ್ಕಿಯನ್ನು ನಾನು ನೋಡಿದ್ದೇನೆ.

ವಿಜಯಪುರ, ಬೆಳಗಾವಿಯವರಿಗೆ

ವಿಜಯಪುರದವರಿಗೆ ಭೂತನಾಳ ಕೆರೆ ಇದೆ, ಆದಿಲ್‌ಶಾಹಿ ಕಾಲದ ಬೇಗಂ ತಾಲಾಬ್ ಇದೆ. ಅಲ್ಲೂ ಇದೇ ಪಾಠ: ನೀರು ತುಂಬಿದಾಗ ಮುಳುಗುವ ಹಕ್ಕಿ, ಇಳಿದಾಗ ನಡೆಯುವ ಹಕ್ಕಿ. ಜೊತೆಗೆ ಸುತ್ತಲ ಬಿಳಿಜೋಳದ ಹೊಲ ನೋಡುವುದು ಮರೆಯಬೇಡಿ. ಚಳಿಗಾಲದಲ್ಲಿ ಗುಲಾಬಿ ಕಬ್ಬಕ್ಕಿಗಳ ದೊಡ್ಡ ದೊಡ್ಡ ಗುಂಪು ತೆನೆಗೆ ಬರುತ್ತವೆ. ಬೆಳಗಾವಿಯವರು ಕೋಟೆ ಕೆರೆಯಲ್ಲಿ ಕೈ ಪಳಗಿಸಿಕೊಳ್ಳಿ. ಅಲ್ಲಿ ಜನರ ಓಡಾಟ ಇರುವುದರಿಂದ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ, ಕಲಿಯಲು ಒಳ್ಳೆಯದು. ರಜೆ ಸಿಕ್ಕಾಗ ಗೋಕಾಕ ತಾಲ್ಲೂಕಿನ ಧೂಪದಾಳಕ್ಕೆ ಹೋಗಿ. ಘಟಪ್ರಭಾ ಪಕ್ಷಿಧಾಮ ಅಲ್ಲೇ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋದರೆ ಒಳ್ಳೆಯದು.

ಬರೆದಿಡುವುದು

ಕಿಸೆಯಲ್ಲಿ ಸಣ್ಣ ನೋಟ್‌ಬುಕ್, ಪೆನ್ಸಿಲ್ ಇರಲಿ. ಪೆನ್ನು ಇಬ್ಬನಿಗೆ ಕಲೆಸುತ್ತದೆ. ತಾರೀಖು, ಹೊತ್ತು, ನೀರು ಗುರುತಿನ ಕಲ್ಲಿನಿಂದ ಎಷ್ಟು ಹೆಜ್ಜೆ, ಗಾಳಿ, ಮೋಡ, ಆಮೇಲೆ ಹಕ್ಕಿ ಮತ್ತು ಎಣಿಕೆ. ದೊಡ್ಡ ಗುಂಪನ್ನು ಎಣಿಸಲು ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ತುಂಬಿವೆ ನೋಡಿ. ಅಂಥ ತುಂಡು ಗುಂಪಿನಲ್ಲಿ ಎಷ್ಟಿವೆ ಅಂತ ಲೆಕ್ಕ ಹಾಕಿ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಹೆಬ್ಬಾತಿನ ಕತ್ತಿಗೆ ಬಣ್ಣದ ಪಟ್ಟಿ ಕಂಡರೆ ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಿ. ವಿಜ್ಞಾನಿಗಳು ದೂರದ ದೇಶದಲ್ಲಿ ಹಾಕಿ ಬಿಟ್ಟದ್ದು ಅದು. ಎಲ್ಲಿಂದ ಬಂತು ಅಂತ ಪತ್ತೆ ಹಚ್ಚಬಹುದು.

ಮನೆಗೆ ಬಂದು ಪಟ್ಟಿಯನ್ನು ಇಬರ್ಡ್ ಅನ್ನುವ ಜಾಲತಾಣಕ್ಕೆ ಹಾಕಿ. ಅದೂ ಉಚಿತ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ತುಂಬ ಜನ ತಮ್ಮ ಸುತ್ತಲ ಹಕ್ಕಿ ಎಣಿಸಿ ಅಲ್ಲಿ ಹಾಕುತ್ತಾರೆ. ನಮ್ಮ ದಂಡೆಯ ಪಟ್ಟಿಯೂ ಅದರಲ್ಲಿ ಸೇರಲಿ ಅಂತ ನನ್ನ ಆಸೆ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ: "ಜನವರಿ 18. ಬೆಳಿಗ್ಗೆ 6.40. ಚಳಿ, ಮಂಜು. ಕಲ್ಲಿನಿಂದ ನೀರು 64 ಹೆಜ್ಜೆ, ಹೋದ ವಾರ 51. ಟಿಟ್ಟಿಭ 4, ಹಳದಿ ಸಿಪಿಲೆ 11, ಮೆಟ್ಟುಗಾಲು 23, ಬಣ್ಣದ ಕೊಕ್ಕರೆ 6, ನಾಮದ ಕೋಳಿ 140ರಷ್ಟು. ಹೆಬ್ಬಾತು ಎರಡು ಸಾಲು, 17 ಮತ್ತು 31. ರಾಜಹಂಸ ಇಲ್ಲ." ಆ "ಇಲ್ಲ" ಅನ್ನುವುದನ್ನೂ ಬರೆಯಬೇಕು. ಒಂಬತ್ತು ದಿನ ಬಿಟ್ಟು ಬರೆದ ಪುಟದಲ್ಲಿ ನೀರು 82 ಹೆಜ್ಜೆ ದೂರ ಹೋಗಿದೆ, ಕೊನೆಯ ಸಾಲು ಹೀಗಿದೆ: "ರಾಜಹಂಸ 12, ಅದರಲ್ಲಿ ಬೂದು ಮರಿ 3."